ಬಿದಿರಿಗೆ ಎರಡು ಬೆಲೆ

(ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಕಾಡು ಹಾಳಾಗುವುದು ಬಡವರಿಂದ ಎಂಬ ಮಾತನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ. ಸೌದೆ ಹೊರುವವರು, ದನ ಮೇಯಿಸುವವರು, ಬಿದಿರು ಕಡಿಯುವ ಮೇದಾರರು, ಇವರೇ ಅಪರಾಧಿಗಳಂತೆ! ಈ ಮಾತು ಎಷ್ಟು ನಿಜವೆಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಬಿದಿರಿನ ಲೆಕ್ಕದಿಂದಲೇ ನೋಡೋಣ. ಅಂಗಡಿ ನಡೆಸುವವರಿಗೂ ವಾರದ ಪಗಾರ ಎಣಿಸುವವರಿಗೂ ಲೆಕ್ಕದ ಮಾತು ಬೇಗ ತಿಳಿಯುತ್ತದೆ.

1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದದ ಗಿರಣಿ ಎದ್ದಿತು. ಕಾಡಿನ ಬಿದಿರನ್ನು ಸರಕಾರ ಅದಕ್ಕೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತು. ಅದೇ ಬಿದಿರು ಪೇಟೆಯಲ್ಲಿ ಬುಟ್ಟಿ ಹೆಣೆಯುವವನಿಗೆ ಟನ್ನಿಗೆ 1,500 ರೂಪಾಯಿ ಬೀಳುತ್ತಿತ್ತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಒಂದಕ್ಕೆ ಸಾವಿರ! ಬಂಡವಾಳವಿದ್ದವನಿಗೆ ಸರಕಾರದ ಧರ್ಮ, ಇಲ್ಲದವನಿಗೆ ಪೇಟೆಯ ದರ.

ಇನ್ನು ಇದರ ಪರಿಣಾಮ ನೋಡಿ. ಸಾವಿರ ರೂಪಾಯಿಯ ಸರಕು ನಿಮ್ಮ ಅಂಗಡಿಗೆ ಒಂದು ರೂಪಾಯಿಗೆ ಬಂದು ಬಿದ್ದರೆ, ಅದನ್ನು ಇಲಿ ತಿಂದರೂ ನೀವು ಗಲ್ಲದಿಂದ ಏಳುವಿರೇನು? ಮೇದಾರನಾದರೋ ಒಂದು ಗಳು ಕೊಂಡರೆ ಅದರ ಸಿಪ್ಪೆಯನ್ನೂ ಬಿಡುವುದಿಲ್ಲ. ಬುಟ್ಟಿ, ಮೊರ, ತಟ್ಟಿ, ತೊಟ್ಟಿಲು ಆಗಿ ಉಳಿದದ್ದು ಒಲೆಗೆ ಹೋಗುತ್ತದೆ.

1970ರ ದಶಕದ ನಡುವೆ, ಬಿದಿರು ಮುಗಿಯುತ್ತ ಬಂತೆಂದು ಮೇದಾರರು ಕೂಗೆಬ್ಬಿಸಿದ ಮೇಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಗಾಡ್ಗೀಳರೂ ಅವರ ಸಂಗಡಿಗರೂ ಕಾಡು ತಿರುಗಿ ಪರೀಕ್ಷಿಸಿದರು. ಕಾಡಿನಲ್ಲಿದ್ದ ಬಿದಿರಿನ ಅಂದಾಜೇ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿತ್ತು. ಇನ್ನೊಂದು ಸಂಗತಿಯಂತೂ ಕೇಳುವಂಥದು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆ ಇರುತ್ತದಲ್ಲ, ಮೆಳೆ ಒತ್ತಾಗಿ ಬೆಳವಣಿಗೆಗೆ ಅಡ್ಡಿಯಾಗುತ್ತದೆಂದು ಅದನ್ನು ಸವರಿ ತೆಗೆಯುತ್ತಿದ್ದರು. ಕಡಿಯುವುದಕ್ಕೂ ಅನುಕೂಲ. ಆದರೆ ಆ ಮುಳ್ಳು ಕಳಲೆಯ ಬೇಲಿ. ಬೇಲಿ ಹೋದ ಮೇಲೆ ಎಳೆಯ ಕಳಲೆಯನ್ನು ದನ, ಮುಸುವ, ಮುಳ್ಳುಹಂದಿ ತಿಂದು ಹಾಕಿದವು. ಹೊಸ ಗಳು ಏಳಲಿಲ್ಲ; ಮೆಳೆಗೆ ಮೆಳೆಯೇ ಸತ್ತಿತು. ಕಾಡಿನಂಚಿನ ಹಳ್ಳಿಗರಿಗೆ ಇದು ಗೊತ್ತಿತ್ತು. ಅವರನ್ನು ಕೇಳುವವರಾರು?

ನಾನು ಗಿರಣಿಯ ಕಾರ್ಮಿಕರನ್ನು ದೂರುತ್ತಿಲ್ಲ. ಬಿದಿರಿನ ದರ ಗೊತ್ತುಮಾಡಿದವರು ಅವರಲ್ಲ. ಹತ್ತಿರದ ಬಿದಿರು ಕರಗಿದಾಗ ಗಿರಣಿ ದೂರದ ರಾಜ್ಯಗಳ ಕಾಡಿಗೆ ಕೈ ಚಾಚಿತು, ಆಮೇಲೆ ನೀಲಗಿರಿ ಮರಕ್ಕೆ ತಿರುಗಿತು. ಹಣಕ್ಕೆ ಕಾಲಿದೆ, ಒಂದು ಕಾಡು ಮುಗಿದರೆ ಮತ್ತೊಂದಕ್ಕೆ ನಡೆಯುತ್ತದೆ. ಮೇದಾರನೂ ಕೂಲಿಕಾರನೂ ಹಾಗೆ ಎದ್ದು ಹೋಗುವಂತಿಲ್ಲ.

ಕಾಯಿದೆಯ ಮಾತೂ ಸ್ವಲ್ಪ ಆಗಲಿ. ಹುಲ್ಲಿನ ಜಾತಿಯ ಬಿದಿರನ್ನು 1927ರ ಅರಣ್ಯ ಕಾಯಿದೆ ಮರವೆಂದು ಕರೆಯಿತು. ಕಾಡಿನ ಹೊರಗೆ ಬೆಳೆದ ಬಿದಿರು ಆ ಪಟ್ಟಿಯಿಂದ ಬಿಡುಗಡೆಯಾಗಲು 2017ರವರೆಗೆ ಕಾಯಬೇಕಾಯಿತು! 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೇಳಿ, ಕಾಡಿನವರಿಗೆ ಅದರ ಒಡೆತನ ಕೊಟ್ಟಿತು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಎಂಬ ಗೊಂಡರ ಹಳ್ಳಿ ಇದನ್ನು ಹಿಡಿದು ಹೋರಾಡಿ, 2011ರಲ್ಲಿ ಬಿದಿರು ಸಾಗಿಸುವ ಪರವಾನಿಗೆಯ ಪುಸ್ತಕವನ್ನೇ ಗ್ರಾಮಸಭೆಯ ಕೈಗೆ ತಂದಿತು. ಎಷ್ಟು ಕಡಿಯಬೇಕು, ಎಷ್ಟು ಬಿಡಬೇಕು, ಯಾವ ದರಕ್ಕೆ ಮಾರಬೇಕು ಎಂದು ಗ್ರಾಮಸಭೆಯೇ ಕೂತು ತೀರ್ಮಾನಿಸಿತು.

ನಮ್ಮ ಮಲೆನಾಡಿನ ಹಳ್ಳಿಗಳಿಗೂ ಅದೇ ಕಾಯಿದೆ ಅನ್ವಯಿಸುತ್ತದೆ. ಇಲ್ಲಿರುವ ನಿಮ್ಮಲ್ಲಿ ಅನೇಕರ ಮನೆ ಮಠ ಅತ್ತ ಕಡೆಗೇ ಇದೆ. ಹಬ್ಬಕ್ಕೆ ಊರಿಗೆ ಹೋದಾಗ ಒಂದು ಮಾತು ಕೇಳಿಬನ್ನಿ: ಸಾಮೂಹಿಕ ಹಕ್ಕಿನ ಅರ್ಜಿ ಗ್ರಾಮಸಭೆಯಿಂದ ಹೋಗಿದೆಯೇ? ಹೋಗಿದ್ದರೆ ಯಾವ ಕಚೇರಿಯ ಮೇಜಿನ ಮೇಲೆ ಕೂತಿದೆ?