ಕೇಳುವ ಹೆಣ್ಣು

(ತದಡಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಬಂದರಿಗೆ ದೋಣಿ ಬಂದಾಗ ನೀವು ಮೀನನ್ನು ಹೇಗೆ ಕೊಳ್ಳುತ್ತೀರಿ? ಮಾರುವವನು ‘ತಾಜಾ’ ಎಂದ ಮಾತ್ರಕ್ಕೆ ಬುಟ್ಟಿಗೆ ಹಾಕಿಕೊಳ್ಳುವುದಿಲ್ಲ. ಕಿವಿರು ಎತ್ತಿ, ಕೆಂಪಗಿದೆಯೋ ಇಲ್ಲವೋ ನೋಡುತ್ತೀರಿ. ಆದರೆ ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಸುದ್ದಿಯನ್ನು ಎಷ್ಟೋ ವರ್ಷ ನಾವು ಹಾಗೆ ನೋಡಲೇ ಇಲ್ಲ. ಸ್ಟೌ ಯಾಕೆ ಸೊಸೆಯ ಕೈಯಲ್ಲೇ ಸಿಡಿಯುತ್ತದೆ, ಮಗನ ಕೈಯಲ್ಲಿ ಯಾಕೆ ಸಿಡಿಯುವುದಿಲ್ಲ ಎಂದು ಕೇಳಲಿಲ್ಲ. ಅದಕ್ಕೇ ಇವತ್ತು, ಕೇಳುವುದನ್ನೇ ಕಸುಬು ಮಾಡಿಕೊಂಡಿದ್ದ ಒಬ್ಬ ಹೆಣ್ಣುಮಗಳ ಬದುಕನ್ನು ನಿಮ್ಮ ಮುಂದೆ ಇಡುತ್ತೇನೆ. ಅವರು ಗೌರಿ ಲಂಕೇಶ್.

ನಮ್ಮ ದೇಶದಲ್ಲಿ ಟೀವಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ದೂರದರ್ಶನದ ಮೊದಲ ವಾರ್ತಾವಾಚಕಿ ಪ್ರತಿಮಾ ಪುರಿ. ಬೆಂಗಳೂರು ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ಟೀವಿಯಲ್ಲಿ ಹೆಣ್ಣಿನ ಮುಖ ಮೊದಲಿನಿಂದಲೂ ಇತ್ತು. ಆದರೆ ಬೇರೆಯವರು ಬರೆದುಕೊಟ್ಟದ್ದನ್ನು ಓದುವುದು ಒಂದು. ಜಾಗಕ್ಕೆ ಹೋಗಿ ಮಂತ್ರಿಯನ್ನೂ ಪೊಲೀಸರನ್ನೂ ‘ನಡೆದದ್ದೇನು?’ ಎಂದು ಕೇಳುವುದು ಇನ್ನೊಂದು. ಓದುವ ಕುರ್ಚಿ ಹೆಣ್ಣಿಗೆ ಬೇಗ ಸಿಕ್ಕಿತು. ಕೇಳುವ ಕೆಲಸ ಬಹುಕಾಲ ಗಂಡಸರ ಕೈಯಲ್ಲೇ ಉಳಿಯಿತು. ಅದನ್ನು ತಮ್ಮದಾಗಿಸಿಕೊಂಡ ಹೆಂಗಸರ ತಲೆಮಾರಿಗೆ ಸೇರಿದವರು ಗೌರಿ.

ಅವರು ಹುಟ್ಟಿದ್ದು 1962ರ ಜನವರಿ 29ರಂದು. ತಂದೆ ಪಿ. ಲಂಕೇಶ್ ದೊಡ್ಡ ಸಾಹಿತಿ, 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರು ಮಾಡಿದವರು. ತಾಯಿ ಇಂದಿರಾ ಅವರನ್ನು ನಾವು ಮರೆಯಬಾರದು. ಮೂರು ಮಕ್ಕಳನ್ನು ಸಾಕುತ್ತಲೇ ಸೀರೆ ವ್ಯಾಪಾರ ಮಾಡಿ ಸ್ವಂತ ದುಡಿಮೆ ಕಟ್ಟಿಕೊಂಡ ಹೆಂಗಸು ಅವರು. ಸಂಘದ ಸಾಲ ತೆಗೆದು ವ್ಯಾಪಾರಕ್ಕೆ ಇಳಿದಿರುವ ನಿಮಗೆ ಅದರ ಬೆಲೆ ಗೊತ್ತು.

ಗೌರಿ ಬೆಂಗಳೂರಿನಲ್ಲಿ ಇಂಗ್ಲಿಷ್ ಪತ್ರಿಕೆ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಕೆಲಸ ಶುರು ಮಾಡಿದರು. ಆಮೇಲೆ ‘ಸಂಡೇ’ ವಾರಪತ್ರಿಕೆಗೆ ಬರೆದರು. ಮುಂದೆ ದೆಹಲಿಯಲ್ಲಿ ಈನಾಡು ಸಂಸ್ಥೆಯ ಟೀವಿ ವಾಹಿನಿಗೆ ದುಡಿದರು. ಮದುವೆ ಐದು ವರ್ಷಕ್ಕೆ ಮುರಿಯಿತು. ಅದನ್ನು ಅವರು ಅವಮಾನವೆಂದು ಹೊತ್ತು ತಿರುಗಲಿಲ್ಲ. ಬೇರೆಯಾದ ಗಂಡನೊಡನೆ ಕೊನೆಯವರೆಗೂ ಸ್ನೇಹ ಇತ್ತು.

2000ದ ಜನವರಿಯಲ್ಲಿ ತಂದೆ ತೀರಿಕೊಂಡರು. ಟೀವಿ ಕೆಲಸ ಬಿಟ್ಟು ಬಂದು ಗೌರಿ ಪತ್ರಿಕೆಯ ಸಂಪಾದಕಿಯಾದರು. ಅಷ್ಟೂ ವರ್ಷ ಬರೆದದ್ದು ಇಂಗ್ಲಿಷಿನಲ್ಲಿ. 38ನೇ ವಯಸ್ಸಿನಲ್ಲಿ ಕನ್ನಡದಲ್ಲಿ ಬರೆಯುವುದನ್ನು ಹೊಸದಾಗಿ ರೂಢಿಸಿಕೊಳ್ಳಬೇಕಾಯಿತು. ‘ಈ ವಯಸ್ಸಿಗೆ ಇನ್ನೇನು ಕಲಿಯುವುದು’ ಎಂದು ಹೇಳುವ ನಾವು ಇದನ್ನು ನೆನಪಿಡಬೇಕು. 2005ರಲ್ಲಿ ಬೇರೆಯಾಗಿ ‘ಗೌರಿ ಲಂಕೇಶ್ ಪತ್ರಿಕೆ’ ಕಟ್ಟಿದರು. ಅದಕ್ಕೆ ಜಾಹೀರಾತು ಇರಲಿಲ್ಲ, ಓದುಗರು ಕೊಟ್ಟು ಕೊಂಡ ದುಡ್ಡಿನಿಂದಲೇ ನಡೆಯಬೇಕಿತ್ತು. ಕೋಮುದ್ವೇಷವನ್ನು, ಜಾತಿಯ ಅಹಂಕಾರವನ್ನು ಹೆಸರು ಹಿಡಿದು ಪ್ರಶ್ನಿಸಿದರು. ಕೋರ್ಟು ಕಚೇರಿ ಅಲೆದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಆಗ ಅವರಿಗೆ 55 ವರ್ಷ. ಮೊಕದ್ದಮೆಯ ವಿಚಾರಣೆ ಶುರುವಾದದ್ದು 2022ರಲ್ಲಿ.

ಇದನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು: ಕೇಳಿದ್ದಕ್ಕೇ ಅಲ್ಲವೇ ಹೀಗಾಯಿತು? ಸುಮ್ಮನಿದ್ದರೆ ಒಳ್ಳೆಯದಲ್ಲವೇ? ಮನೆಯಲ್ಲೂ ನಮಗೆ ಹೇಳುವುದು ಇದನ್ನೇ. ‘ಎದುರು ಮಾತಾಡಬೇಡ, ತಗ್ಗಿ ಬಗ್ಗಿ ನಡೆ.’ ಆದರೆ ಸ್ಟೌ ಸಿಡಿದು ಸತ್ತರು ಎಂದು ಬರೆಸಿಕೊಂಡ ಹೆಣ್ಣುಮಕ್ಕಳು ಎದುರು ಮಾತಾಡಿದವರೇ? ಬಹಳ ಜನ ಸುಮ್ಮನಿದ್ದವರೇ. ಮೌನ ಅವರನ್ನು ಉಳಿಸಲಿಲ್ಲ.

ಉಳಿಸುವುದು ಕೂಡಿ ಕೇಳುವುದು. 1990ರ ದಶಕದಲ್ಲಿ ಬೆಂಗಳೂರಿನ ‘ವಿಮೋಚನಾ’ ಸಂಘಟನೆಯ ಹೆಂಗಸರು ಮದುವೆಯಾದ ಹೆಣ್ಣುಮಕ್ಕಳ ಅಸಹಜ ಸಾವುಗಳ ಬೆನ್ನು ಹತ್ತಿದರು. ಸುಟ್ಟಗಾಯದ ವಾರ್ಡಿಗೆ, ಪೊಲೀಸ್ ಠಾಣೆಗೆ, ತವರುಮನೆಗೆ ಹೋಗಿ ಕೇಳಿದರು. ‘ಅಡುಗೆಮನೆ ಅಪಘಾತ’ ಎಂದು ಮುಚ್ಚಿದ್ದ ಕಡತಗಳ ಬಗ್ಗೆ ಸರ್ಕಾರ ಉತ್ತರ ಹೇಳಬೇಕಾಗಿ ಬಂತು. ಅವರು ಯಾರೂ ಒಬ್ಬೊಬ್ಬರೇ ಹೋಗಲಿಲ್ಲ.

ನೀವೂ ಇದನ್ನು ಮಾಡಬಹುದು. ಸಂಘದ ಸದಸ್ಯೆ ಎರಡು ವಾರ ಸಭೆಗೆ ಬರದಿದ್ದರೆ ದಂಡ ಬರೆದು ಬಿಡಬೇಡಿ, ಇಬ್ಬರು ಮನೆಗೆ ಹೋಗಿ ವಿಚಾರಿಸಿ. ‘ಜಾರಿ ಬಿದ್ದೆ’ ಎಂದರೆ ಅವಳನ್ನು ಒಬ್ಬಳೇ ಕೂರಿಸಿಕೊಂಡು ಮತ್ತೆ ಕೇಳಿ. ಅವಳು ಒಪ್ಪಿದರೆ ತಾರೀಕು, ಗಾಯ, ನೋಡಿದವರ ಹೆಸರು ಬರೆದಿಡಿ. ಅದು ಎಲ್ಲರೂ ತಿರುವಿಹಾಕುವ ಸಂಘದ ಪುಸ್ತಕದಲ್ಲಿ ಬೇಡ. ಆಸ್ಪತ್ರೆಯ ಚೀಟಿ ಎಸೆಯಲು ಬಿಡಬೇಡಿ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ರಕ್ಷಣಾಧಿಕಾರಿಗೆ ತಿಳಿಸಲು ಏಟು ತಿಂದವಳೇ ಬರಬೇಕೆಂದಿಲ್ಲ, ಗೊತ್ತಿದ್ದ ಯಾರೂ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ. ಮನೆ ಗಂಡನ ಹೆಸರಲ್ಲಿದ್ದರೂ ಅವಳಿಗೆ ಅಲ್ಲಿ ವಾಸಿಸುವ ಹಕ್ಕಿದೆ. 181ಕ್ಕೆ ಫೋನು ಮಾಡಬಹುದು.

ಗೌರಿ ಒಬ್ಬರೇ ಬಾಗಿಲಿಗೆ ಬಂದಾಗ ಕೊಂದರು. ನಮ್ಮ ಓಣಿಯ ಹೆಣ್ಣು ಬಾಗಿಲು ತೆರೆದಾಗ ಅವಳು ಒಬ್ಬಳೇ ಇರಬಾರದು. ನಾವು ಅಲ್ಲಿ ನಿಂತಿರಬೇಕು.