ಅಮೋನಿಯದ ಬೆಂಕಿ



ರಾಜ್ಯೋತ್ಸವದ ಸಭೆಯಲ್ಲಿ ಅಮೋನಿಯದ ಮಾತೇಕೆ ಎಂದು ತಾವು ಕೇಳಬಹುದು. ಇಂಗ್ಲಿಷಿನಲ್ಲಿ ವಿಜ್ಞಾನ ಓದಿ ಬರುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡದಲ್ಲಿ ಪ್ರಶ್ನೆ ಹಾಕಿದಾಗ ನಾವು ತಡವರಿಸುವುದುಂಟು. ಈ ಮಾತು ಹುಟ್ಟಿದ್ದೂ ಅಂಥದೊಂದು ಪ್ರಶ್ನೆಯಿಂದಲೇ. ವಾಣಿಜ್ಯಶಾಸ್ತ್ರ ಓದಿದ ನಮ್ಮಿಂದ ತಪ್ಪಾದರೆ ಬಲ್ಲವರು ತಿದ್ದಬೇಕು.

ಮಂಜುಗಡ್ಡೆಯ ಕಾರ್ಖಾನೆಯ ಪಕ್ಕದಲ್ಲಿ ಇದ್ದವರಿಗೆ ಅಮೋನಿಯದ ಪರಿಚಯ ಮೂಗಿನಿಂದಲೇ ಆಗಿರುತ್ತದೆ. ಯೂರಿಯಾ ಗೊಬ್ಬರಕ್ಕೂ ಅದೇ ಮೂಲ. ಅದನ್ನು ಉರಿಸಿ ವಿದ್ಯುತ್ತನ್ನೂ ಪಡೆಯಬಹುದು. ಅದರಲ್ಲಿ ಸಾರಜನಕ ಒಂದು ಪಾಲು, ಜಲಜನಕ ಮೂರು ಪಾಲು. ಇಂಗಾಲ ಲವಲೇಶವೂ ಇಲ್ಲ. ಸರಿಯಾಗಿ ಉರಿದರೆ ಉಳಿಯುವುದು ನೀರಾವಿ ಮತ್ತು ಸಾರಜನಕ. ತೊಡಕೆಲ್ಲ ಆ ‘ಸರಿಯಾಗಿ’ ಎಂಬ ಮಾತಿನಲ್ಲಿದೆ.

ನೈಸರ್ಗಿಕ ಅನಿಲ ಉರಿಯುವಾಗ, ಶಾಖ ವಿಪರೀತವಾದರೆ, ಗಾಳಿಯಲ್ಲಿನ ಸಾರಜನಕ ಆಮ್ಲಜನಕದೊಡನೆ ಕೂಡಿ ಆಕ್ಸೈಡುಗಳಾಗುತ್ತದೆ. ಶಾಖ ತಗ್ಗಿಸಿದರೆ ಅವೂ ತಗ್ಗುತ್ತವೆ. ಅಮೋನಿಯದಲ್ಲಾದರೋ ಸಾರಜನಕ ಇಂಧನದ ಒಡಲಿನಲ್ಲೇ ಕುಳಿತಿದೆ. ಶಾಖ ತಗ್ಗಿಸಿದ ಮಾತ್ರಕ್ಕೆ ಬಿಡುವುದಿಲ್ಲ. ಈ ಆಕ್ಸೈಡುಗಳು ಶ್ವಾಸಕೋಶವನ್ನು ಕೆಣಕುತ್ತವೆ, ಆಮ್ಲಮಳೆಗೂ ಕಾರಣವಾಗುತ್ತವೆ. ವಾಹನಗಳ ಹೊಗೆಯಲ್ಲಿ ಮಕ್ಕಳನ್ನು ಸಾಕುತ್ತಿರುವ ನಗರವಾಸಿಗಳಿಗೆ ಇದು ಪರರ ಸಂಗತಿಯಲ್ಲ. ಇಂಗಾಲದ ಸಾಲ ತೀರಿಸಲು ಹೋಗಿ ಇನ್ನೊಂದು ಖಾತೆಯಲ್ಲಿ ಸಾಲ ಮಾಡಿದಂತಾಗಬಾರದಷ್ಟೆ.

ಜಪಾನಿನ ಫುಕುಷಿಮಾ ಪ್ರಾಂತದ ಕೊರಿಯಾಮಾದಲ್ಲಿರುವ ಸರ್ಕಾರಿ ಸಂಶೋಧನಾಲಯದವರು ತೊಹೊಕು ವಿಶ್ವವಿದ್ಯಾನಿಲಯದೊಡನೆ ಸೇರಿ ಈ ಕೆಲಸಕ್ಕೆ ಕೈಹಾಕಿದರು. 2014ರಲ್ಲಿ ಸೀಮೆಎಣ್ಣೆಯ ಜೊತೆ ಅಮೋನಿಯ ಬೆರೆಸಿ ಸಣ್ಣ ಟರ್ಬೈನನ್ನು ಓಡಿಸಿದರು. 2015ರಲ್ಲಿ ಬರಿಯ ಅಮೋನಿಯದಿಂದಲೇ ಸುಮಾರು 40 ಕಿಲೋವಾಟ್ ವಿದ್ಯುತ್ ಪಡೆದರು.

ಅವರು ಅನುಸರಿಸಿದ ಒಂದು ಉಪಾಯ ಬಹು ಸೊಗಸಾದದ್ದು. ಇಂಧನವನ್ನು ಒಂದೇ ಸಲಕ್ಕೆ ಉರಿಸದೆ ಎರಡು ಹಂತದಲ್ಲಿ ಉರಿಸುವುದು. ಮೊದಲ ಹಂತದಲ್ಲಿ ಬೇಕಾದುದಕ್ಕಿಂತ ತುಸು ಕಡಿಮೆ ಗಾಳಿ. ಆಮ್ಲಜನಕಕ್ಕೆ ಬರವಿರುವುದರಿಂದ ಸಾರಜನಕದ ಪರಮಾಣುಗಳು ತಮ್ಮತಮ್ಮಲ್ಲೇ ಜೋಡಿಯಾಗಿ ನಿರಪಾಯವಾಗುತ್ತವೆ. ಸ್ವಲ್ಪ ಜಲಜನಕ ಮಿಗುತ್ತದೆ. ಎರಡನೆಯ ಹಂತದಲ್ಲಿ ಧಾರಾಳ ಗಾಳಿ ನುಗ್ಗಿಸಿ ಆ ಜಲಜನಕವನ್ನು ಉರಿಸುತ್ತಾರೆ. ಆದರೆ ಹದ ಬಹಳ ಇಕ್ಕಟ್ಟಿನದು. ಮೊದಲು ಗಾಳಿ ಹೆಚ್ಚಾದರೆ ಅಲ್ಲೇ ಆಕ್ಸೈಡು. ತೀರ ಕಡಿಮೆಯಾದರೆ ಉರಿಯದ ಅಮೋನಿಯ ಮುಂದಕ್ಕೆ ದಾಟಿ ಎರಡನೆಯ ಹಂತದಲ್ಲಿ ಮತ್ತೆ ಆಕ್ಸೈಡು. ಅತ್ತ ದರಿ, ಇತ್ತ ಪುಲಿ! ಒಲೆಯ ಮುಂದೆ ಕುಳಿತು ಊದುಗೊಳವೆ ಹಿಡಿದಿದ್ದ ನಮ್ಮ ಅಜ್ಜಿಯಂದಿರಿಗೆ ಗಾಳಿಯ ಹದವೆಂದರೇನೆಂದು ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟಾದರೂ ಉಳಿದುದನ್ನು ಮುಳ್ಳಿನಿಂದ ಮುಳ್ಳು ತೆಗೆದಂತೆ ತೆಗೆಯುತ್ತಾರೆ. ಹೊಗೆಯ ಹಾದಿಯಲ್ಲಿ ವೇಗವರ್ಧಕದ ಹಾಸು ಇಟ್ಟು ಅಮೋನಿಯವನ್ನೇ ಸಿಂಪಡಿಸಿದರೆ, ಅದು ಆಕ್ಸೈಡಿನೊಡನೆ ಸೇರಿ ಎರಡೂ ಸಾರಜನಕ ಮತ್ತು ನೀರಾಗಿಬಿಡುತ್ತವೆ. ಕಲ್ಲಿದ್ದಲ ಸ್ಥಾವರಗಳಲ್ಲಿ ಇದು ಹಳೆಯ ಕ್ರಮ. ಅಲ್ಲಿ ಅಮೋನಿಯವನ್ನು ಕೊಂಡು ತರಬೇಕು, ಇಲ್ಲಿ ಅದು ತೊಟ್ಟಿಯಲ್ಲೇ ಇದೆ.

ನೈಟ್ರಸ್ ಆಕ್ಸೈಡ್ ಎಂಬ ಇನ್ನೊಬ್ಬ ನೆಂಟನಿದ್ದಾನೆ. ನಗೆಯನಿಲವೆಂದು ಹೆಸರು, ಕೆಲಸ ಮಾತ್ರ ನಗುವಂಥದಲ್ಲ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ನಗೆಯನಿಲ 273 ಕಿಲೋ ಇಂಗಾಲಾಮ್ಲಕ್ಕೆ ಸಮನಾಗಿ ಭೂಮಿಯನ್ನು ಕಾಯಿಸುತ್ತದೆ. ಜ್ವಾಲೆ ಅಕಾಲದಲ್ಲಿ ತಣಿದಾಗ ಇದು ತಪ್ಪಿಸಿಕೊಂಡು ಬರುತ್ತದೆ. ಐ.ಎಚ್.ಐ. ಕಂಪನಿಯವರು 2022ರಲ್ಲಿ 2,000 ಕಿಲೋವಾಟ್ ವರ್ಗದ ಟರ್ಬೈನನ್ನು ದ್ರವ ಅಮೋನಿಯವೊಂದರಿಂದಲೇ ನಡೆಸಿ, ಇದನ್ನೂ ಸೇರಿಸಿ ಲೆಕ್ಕ ಹಾಕಿದರೂ ಭೂಮಿಯನ್ನು ಕಾಯಿಸುವ ಅನಿಲಗಳು ನೂರಕ್ಕೆ 99ರಷ್ಟು ಇಳಿದವೆಂದು ಪ್ರಕಟಿಸಿದರು.

ಆ ಲೆಕ್ಕ ಟರ್ಬೈನಿನದು ಮಾತ್ರ. ಇಂದಿಗೂ ಅಮೋನಿಯದ ಬಹುಪಾಲು ತಯಾರಾಗುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ. ಅಲ್ಲಿ ಹೊರಬೀಳುವ ಇಂಗಾಲಾಮ್ಲ ಬೇರೆ ಪುಟದಲ್ಲಿದೆ. ಎರಡು ಪುಟಗಳನ್ನೂ ಕೂಡಿಸಿ ನೋಡದೆ ಬಾಕಿ ಎಷ್ಟೆಂದು ಹೇಳಲು ನಮಗಂತೂ ಬಾರದು.