ಕಾಡಿನವರ ಅರಿವು, ನಾಡಿನವರ ಉದ್ಯಮ



ರಾಜ್ಯೋತ್ಸವದ ವೇದಿಕೆಯ ಮೇಲೆ ಸಾಹಿತ್ಯ ಸಂಗೀತಗಳನ್ನು ಬಲ್ಲವರು ಮಾತನಾಡುವುದು ವಾಡಿಕೆ. ಬ್ಯಾಂಕಿನ ಗುಮಾಸ್ತರಾದ ನಮಗೆ ಕಾರ್ಯದರ್ಶಿಗಳು ಈ ಹದಿನೈದು ನಿಮಿಷಗಳನ್ನು ದಯಪಾಲಿಸಿದ್ದಾರೆ. ಸಂಘದ ತರುಣರಲ್ಲಿ ಹಲವರು ಸ್ಟಾರ್ಟಪ್ ಎಂಬ ಹೊಸ ಉದ್ಯಮಗಳಿಗೆ ಕೈಹಾಕಿರುವುದೇ ಅದಕ್ಕೆ ಕಾರಣ.

ಅಂಥ ಮಿತ್ರರೊಬ್ಬರು ಸಾಲಕ್ಕೆ ಅರ್ಜಿ ಹಾಕುವ ಮುನ್ನ ತಮ್ಮ ಕಾಗದಪತ್ರಗಳನ್ನು ಸ್ನೇಹದಿಂದ ನಮಗೆ ತೋರಿಸಿದರು. ಇಲ್ಲಿ ಹೇಳಲು ಅವರ ಒಪ್ಪಿಗೆಯೂ ಇದೆ. ಮಲೆನಾಡಿನ ತಮ್ಮ ಊರಿನ ನಾಟಿವೈದ್ಯದ ಅಜ್ಜಿಯೊಬ್ಬರಿಂದ ಅವರು ಗಾಯದ ಎಣ್ಣೆಯೊಂದನ್ನು ಕಲಿತಿದ್ದರು. ಕಾಗದದಲ್ಲಿ ಅದು ‘ಸ್ವಂತ ಆವಿಷ್ಕಾರ’ವಾಗಿತ್ತು, ಪೇಟೆಂಟಿಗೂ ಸಿದ್ಧತೆ ನಡೆದಿತ್ತು. ಅಂದಾಜು ಪಟ್ಟಿಯಲ್ಲಿ ಸೀಸೆಗೆ ಇಷ್ಟು, ಜಾಹೀರಾತಿಗೆ ಇಷ್ಟು, ವಕೀಲರಿಗೆ ಇಷ್ಟು ಎಂದು ಎಲ್ಲವೂ ಇತ್ತು. ಅಜ್ಜಿಯ ಬಾಬ್ತು ಒಂದು ಪೈಸೆಯೂ ಇರಲಿಲ್ಲ.

ಅರಿಶಿನದ ಕಥೆಯನ್ನು ತಾವೆಲ್ಲ ಕೇಳಿದ್ದೀರಿ. ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನಕ್ಕೆಂದು 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ನಮ್ಮ ಸಿ.ಎಸ್.ಐ.ಆರ್. ಹಳೆಯ ಗ್ರಂಥಗಳನ್ನೂ 1953ರ ವೈದ್ಯಕೀಯ ಲೇಖನವೊಂದನ್ನೂ ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಆವಿಷ್ಕಾರಕರೆಂದು ಹೆಸರಿದ್ದ ಇಬ್ಬರೂ ಭಾರತ ಮೂಲದವರೇ. ಪರದೇಶಿಯರನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಅರಿಶಿನಕ್ಕಾದರೋ ಬರಹದ ಸಾಕ್ಷಿ ಇತ್ತು. ಅಕ್ಷರಕ್ಕೇ ಇಳಿಯದ ಅರಿವಿನ ಗತಿಯೇನು?

ಇದಕ್ಕೆ ಕೇರಳದ ಕಾಣಿ ಜನರ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1987ರಲ್ಲಿ ಸಸ್ಯವಿಜ್ಞಾನಿಗಳ ತಂಡವೊಂದು ಪುಷ್ಪಾಂಗದನ್ ಅವರ ಮುಂದಾಳ್ತನದಲ್ಲಿ ಅಗಸ್ತ್ಯಮಲೆಯ ಕಾಡಿಗೆ ಹೋಗಿತ್ತು. ದಾರಿ ತೋರಲು ಬಂದ ಕಾಣಿಗಳು ಯಾವುದೋ ಸಣ್ಣ ಹಣ್ಣನ್ನು ಬಾಯಿಗೆ ಹಾಕಿಕೊಂಡು ದಣಿವಿಲ್ಲದೆ ಬೆಟ್ಟವೇರುತ್ತಿದ್ದರು. ವಿದ್ವಾಂಸರಿಗೆ ಮಾತ್ರ ಏದುಸಿರು. ಹಣ್ಣು ತಿಂದಾಗ ಇವರಿಗೂ ಆಯಾಸ ಪರಿಹಾರವಾಯಿತು. ಯಾವ ಗಿಡವೆಂದು ಕೇಳಿದರೆ ಅವರು ಮೊದಲು ಹೇಳಲೊಲ್ಲರು. ಅದು ಕುಲದ ಗುಟ್ಟು. ಬಹಳ ಕೇಳಿಕೊಂಡ ಮೇಲೆ ತೋರಿಸಿದರು. ಅದೇ ಆರೋಗ್ಯಪಚ್ಚ.

ತಿರುವನಂತಪುರದ ಬಳಿಯ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯವರು ಅದಕ್ಕೆ ಬೇರೆ ಮೂಲಿಕೆಗಳನ್ನೂ ಕೂಡಿಸಿ ‘ಜೀವನಿ’ ಎಂಬ ಔಷಧವನ್ನು ಸಿದ್ಧಪಡಿಸಿದರು. ತಯಾರಿಕೆಯ ಹಕ್ಕು ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ ಹೋಯಿತು. ಶುಲ್ಕ 10 ಲಕ್ಷ ರೂಪಾಯಿ, ಅದರ ಮೇಲೆ ಮಾರಾಟದಲ್ಲಿ ನೂರಕ್ಕೆ ಎರಡು ರಾಯಧನ. ಇದರಲ್ಲಿ ಅರ್ಧ ಕಾಣಿಗಳಿಗೆಂದು ನಿಶ್ಚಯವಾಗಿ, ಹಣ ಪಡೆಯಲು 1997ರಲ್ಲಿ ಅವರದೇ ಟ್ರಸ್ಟ್ ಒಂದು ನೋಂದಣಿಯಾಯಿತು. ಜೀವವೈವಿಧ್ಯ ಕಾಯಿದೆ ಬಂದದ್ದು 2002ರಲ್ಲಿ. ಕಾನೂನು ಕೇಳುವ ಮೊದಲೇ ಕೊಟ್ಟ ಪಾಲು ಇದು.

ಕಥೆ ಇಲ್ಲಿಗೇ ಸುಖಾಂತವಾಗಿದ್ದರೆ ಚೆನ್ನಾಗಿತ್ತು. ಕುಲದ ವೈದ್ಯರಾದ ಪ್ಲಾತಿಗಳಲ್ಲಿ ಕೆಲವರು, ಗುಟ್ಟು ಹೊರಹೋದುದೇ ತಪ್ಪೆಂದು ಆಕ್ಷೇಪಿಸಿದರು. ಒಬ್ಬಿಬ್ಬರು ತೋರಿಸಿದರೆಂದು ಇಡೀ ಕುಲ ಒಪ್ಪಿದಂತಾಯಿತೇ? ಸೊಪ್ಪು ಬೆಳೆದು ಮಾರುವುದಕ್ಕೆ ಅರಣ್ಯ ಇಲಾಖೆಯ ಅಡ್ಡಿ ಬಂದಿತು. ಇತ್ತ ‘ಜೀವನಿ’ ಎಂಬ ಹೆಸರನ್ನೇ ಅಮೆರಿಕದ ಕಂಪನಿಯೊಂದು ತನ್ನ ದೇಶದಲ್ಲಿ ವ್ಯಾಪಾರಮುದ್ರೆಯಾಗಿ ದಾಖಲು ಮಾಡಿಸಿಕೊಂಡಿತು. ಔಷಧಕ್ಕೆ ಕಾವಲಿಟ್ಟವರು ಹೆಸರಿಗೆ ಇಡಲು ಮರೆತರು. ಉದ್ಯಮಿಗಳಾಗುವವರು ಇದನ್ನು ಗಂಟು ಕಟ್ಟಿಕೊಳ್ಳಬೇಕು.

ಇನ್ನು ಕಾನೂನು. ನಮ್ಮ ಪೇಟೆಂಟ್ ಕಾಯಿದೆಯ 3(ಪಿ) ಪ್ರಕಾರ ಪರಂಪರೆಯ ಅರಿವಿಗೆ ಪೇಟೆಂಟ್ ಇಲ್ಲ. ತಿಳಿದಿರುವ ಗುಣಗಳನ್ನು ಬರಿದೇ ಒಟ್ಟುಗೂಡಿಸಿದರೂ ಇಲ್ಲ. ಅರ್ಜಿಯಲ್ಲಿ ಮೂಲಿಕೆ ಎಲ್ಲಿಯದೆಂದು ತಿಳಿಸಬೇಕು. ಸ್ಥಳೀಯ ಸಮುದಾಯದ ಬಾಯಿಮಾತಿನ ಅರಿವನ್ನು ಮುಂದಿಟ್ಟೂ ಅರ್ಜಿಯನ್ನು ವಿರೋಧಿಸಬಹುದು. ಅಂದರೆ ಅಜ್ಜಿಯ ಮಾತಿಗೂ ಅಲ್ಲಿ ಬೆಲೆಯುಂಟು. ಮಿತ್ರರು ತಾವೇ ಹೊಸದಾಗಿ ಏನಾದರೂ ವಿಧಾನವನ್ನು ಕಂಡುಹಿಡಿದಿದ್ದರೆ ಅದರ ಮಾತು ಬೇರೆ. ಆಗಲೂ, ಇಲ್ಲಿಯ ಮೂಲಿಕೆಯನ್ನು ಆಧರಿಸಿದ್ದಾದರೆ, ಜೀವವೈವಿಧ್ಯ ಕಾಯಿದೆಯ 2023ರ ತಿದ್ದುಪಡಿಯಂತೆ ಪೇಟೆಂಟ್ ಕೈಸೇರುವ ಮುನ್ನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಪೇಟೆಗೆ ಇಳಿಸುವಾಗ ಅದರ ಅನುಮತಿಯೂ ಬೇಕು.

ಮಿತ್ರರು ‘ಸ್ವಂತ ಆವಿಷ್ಕಾರ’ವನ್ನು ಹೊಡೆದುಹಾಕಿದ್ದಾರೆ. ಅಂದಾಜು ಪಟ್ಟಿಗೆ ಒಂದು ಸಾಲು ಸೇರಿಸಿದ್ದಾರೆ. ಮೊತ್ತ ಇನ್ನೂ ಬರೆದಿಲ್ಲ. ಊರಿಗೆ ಹೋಗಿ ಅಜ್ಜಿಯನ್ನು ಕೇಳಿ ಬರುತ್ತಾರಂತೆ. “ಆಕೆ ಒಲ್ಲೆನೆಂದರೆ?” ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಎಣ್ಣೆ ಬೇಡ, ಬೇರೇನಾದರೂ ನೋಡೋಣ ಸಾರ್” ಎಂದರು. ನಿಜ ಹೇಳಬೇಕೆಂದರೆ ಆ ಉತ್ತರವನ್ನು ನಾವು ನಿರೀಕ್ಷಿಸಿರಲಿಲ್ಲ.

ಆ ಪ್ರಾಧಿಕಾರದ ಕಚೇರಿ ದೂರದ ದೆಹಲಿಯಲ್ಲಿಲ್ಲ, ನಮ್ಮ ಈ ಚೆನ್ನೈನ ತರಮಣಿಯಲ್ಲೇ ಇದೆ. ವಿಚಾರಿಸಬೇಕೆನ್ನುವವರು ಸಭೆ ಮುಗಿದ ಮೇಲೆ ನಮ್ಮನ್ನು ಕಂಡರೆ, ಒಂದು ದಿನ ರಜೆ ಹಾಕಿ ಜೊತೆಗೆ ಬರುತ್ತೇವೆ.